ಮಲ್ಲೇಶ್ವರದ ಬಯಲಿನಲ್ಲಿ ಎದ್ದ ಊರು: ಕುದುರೆಮುಖ ಪಟ್ಟಣದ ಚರಿತ್ರೆ

ನಮ್ಮ ನಾಡಿನ ಊರುಗಳಲ್ಲಿ ಬಹುಭಾಗಕ್ಕೆ ಜನ್ಮದಿನವೆಂಬುದಿಲ್ಲ. ಕಳಸ ಯಾವಾಗ ಹುಟ್ಟಿತೆಂದು ಕೇಳಿದರೆ ಕಳಸೇಶ್ವರನ ಸ್ಥಳಮಾಹಾತ್ಮ್ಯವನ್ನು ಹೇಳುವವರು ಸಿಕ್ಕುವರಲ್ಲದೆ ವರ್ಷವನ್ನು ಹೇಳುವವರು ಸಿಕ್ಕಲಾರರು. ಮೂಡಿಗೆರೆಯಾಗಲಿ ಕೊಪ್ಪವಾಗಲಿ ಸಂತೆ, ಕಚೇರಿ, ತೋಟ ಇವುಗಳ ಆಶ್ರಯದಲ್ಲಿ ತಲೆಮಾರಿನ ಮೇಲೆ ತಲೆಮಾರಾಗಿ ಮೆಲ್ಲಮೆಲ್ಲನೆ ಬೆಳೆದ ಊರುಗಳು. ಕುದುರೆಮುಖ ಪಟ್ಟಣದ ಸಂಗತಿ ಬೇರೆ. ಅದರ ಜನನವನ್ನೂ, ಯೌವನವನ್ನೂ, ಕ್ಷೀಣದೆಸೆಯನ್ನೂ ಕಣ್ಣಾರೆ ಕಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಅನೇಕರು ಅಲ್ಲಿಯೇ ಅಕ್ಷರ ಕಲಿತು, ಈಗ ಮಂಗಳೂರು, ಬೆಂಗಳೂರು, ಸಮುದ್ರದಾಚೆಯ ನಗರಗಳಲ್ಲಿ ನೆಲೆಸಿದವರು. ಒಂದೇ ತಲೆಮಾರಿನ ಆಯುಷ್ಯದೊಳಗೆ ಒಂದು ಪಟ್ಟಣದ ಚರಿತ್ರೆಯೆಲ್ಲ ನಡೆದುಹೋದ ನಿದರ್ಶನ ಕನ್ನಡ ನಾಡಿನಲ್ಲಿ ವಿರಳವಾದುದರಿಂದ, ಈ ಸ್ಮರಣ ಸಂಚಿಕೆಯಲ್ಲಿ ಅದನ್ನು ಆದಿಯಿಂದ ಹೇಳುವುದು ಉಚಿತವಾದೀತು.

ಊರಿಗಿಂತ ಮೊದಲು ಬೆಟ್ಟ. ಸಂಸೆಯ ಕಡೆಯಿಂದ ನೋಡುವವರಿಗೆ ಕುದುರೆಯ ಮೋರೆಯಂತೆ ಕಾಣುವ, 1894 ಮೀಟರು ಎತ್ತರದ ಈ ಶಿಖರ ಪಡುಗಡಲಿನಲ್ಲಿ ಹಾಯಿ ಬಿಚ್ಚಿ ಸಾಗುತ್ತಿದ್ದ ನಾವಿಕರಿಗೆ ಬಹುಕಾಲದಿಂದ ದಿಕ್ಕಿನ ಗುರುತಾಗಿದ್ದಿತು. ಕಂಪನಿ ಸರ್ಕಾರದ ಕಾಲಾನಂತರ, ಕೆನರಾ ಜಿಲ್ಲೆಯ ಬಿಸಿಲಿನಿಂದ ಬೇಸತ್ತ ಆಂಗ್ಲ ಅಧಿಕಾರಿಗಳು ಬೇಸಗೆಯ ಕೆಲವು ದಿನಗಳನ್ನು ಇದರ ಮೇಲೆ ಕಳೆಯುತ್ತಿದ್ದುದುಂಟು. ಆದರೆ ಈ ಪರ್ವತಪಂಕ್ತಿಯ ಇತಿಹಾಸ ಅವರಿಂದ ಆರಂಭವಾಗುವುದಿಲ್ಲ. ಘಟ್ಟದ ಮೇಲಿನ ಕಳಸವನ್ನೂ ಘಟ್ಟದ ಕೆಳಗಿನ ಕಾರ್ಕಳವನ್ನೂ ಒಂದೇ ಸಿಂಹಾಸನದ ಅಧೀನದಲ್ಲಿ ಆಳಿದ ಭೈರರಸ ಒಡೆಯರ ಕಾಲದಲ್ಲಿಯೇ ಈ ಕಾಡು ಎರಡು ಸೀಮೆಗಳನ್ನು ಬೇರ್ಪಡಿಸುವ ಗೋಡೆಯಾಗದೆ ಅವುಗಳ ನಡುವಣ ಹಾದಿಯಾಗಿದ್ದಿತು. ಅದೇ ವಂಶದ ವೀರಪಾಂಡ್ಯ ಕಾರ್ಕಳದ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದುದು 1432ರಲ್ಲಿ. ಮೇಲಿನವರು ಕೆಳಗಿಳಿದು ಉಪ್ಪು, ಒಣಮೀನು, ತೆಂಗಿನಕಾಯಿಗಳನ್ನು ತಂದರು. ಕೆಳಗಿನವರು ಮೇಲೆ ಹತ್ತಿ ಹೊರನಾಡಿನ ಅನ್ನಪೂರ್ಣೆಯ ದರ್ಶನ ಮಾಡಿದರು, ತೋಟಗಳಲ್ಲಿ ಕೂಲಿ ಮಾಡಿದರು. ಮುಂದೆ ಇಲ್ಲಿ ತುಳುವೂ ಮಲೆನಾಡಿನ ಕನ್ನಡವೂ ಒಂದೇ ಸಾಲುಮನೆಯಲ್ಲಿ ಕೂಡಿ ಬಾಳಿದುದನ್ನು ಕಂಡು ಬೆರಗಾದವರು ಈ ಹಳೆಯ ಸಂಬಂಧವನ್ನು ಮರೆತವರೆಂದೇ ಹೇಳಬೇಕು.

ಬೆಟ್ಟದ ಹೊಟ್ಟೆಯಲ್ಲಿ ಕಬ್ಬಿಣವಿದೆಯೆಂಬುದನ್ನು ಶಾಸ್ತ್ರೀಯವಾಗಿ ಗುರುತಿಸಿದ ಕೀರ್ತಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರಿಗೆ ಸಲ್ಲುತ್ತದೆ. ಅದು 1913ರ ಮಾತು. ಮೋಟಾರು ಹೋಗುವ ರಸ್ತೆ ಎಲ್ಲಿಯದು, ಬಿಡಾರ ಹೂಡಲು ಒಣನೆಲ ಎಲ್ಲಿಯದು ಎಂಬಂಥ ಕಾಲದಲ್ಲಿ, ಇಂಬಳಗಳು ಕಾಲಿಗೆ ಹತ್ತುವ ಹುಲ್ಲುಗಾವಲುಗಳನ್ನೂ ಹಗಲಿನಲ್ಲಿಯೇ ಕತ್ತಲು ಕವಿಯುವ ಶೋಲಾ ಕಾಡುಗಳನ್ನೂ ಕಾಲ್ನಡಿಗೆಯಿಂದ ದಾಟಿ, ಗಂಗಾಮೂಲ, ಆರೋಳಿಗಳ ಸುತ್ತಿನಲ್ಲಿ ಕಲ್ಲು ಒಡೆದು ನೋಡಿ, ಇದು ಅಯಸ್ಕಾಂತದ ಅದುರೆಂದು ಬರೆದಿಟ್ಟ ಆ ವಿದ್ವಾಂಸರ ಪರಿಶ್ರಮವನ್ನು ನೆನೆದರೆ ತಲೆಬಾಗುತ್ತದೆ. ಅವರ ಶೋಧ ಅರ್ಧ ಶತಮಾನದ ಕಾಲ ಕಡತಗಳಲ್ಲಿಯೇ ಉಳಿಯಿತು. ಅದಕ್ಕೆ ಕಾರಣಗಳಿದ್ದವು. ಅದುರು ಬೇಕಾದಷ್ಟಿದ್ದರೂ ಅದರಲ್ಲಿ ಕಬ್ಬಿಣದ ಅಂಶ ನೂರಕ್ಕೆ ನಲವತ್ತನ್ನು ಮುಟ್ಟುತ್ತಿರಲಿಲ್ಲ. ಭದ್ರಾವತಿಯ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದುರು ಹತ್ತಿರದಲ್ಲಿಯೇ ದೊರೆಯುತ್ತಿದ್ದುದರಿಂದ ಈ ದುರ್ಗಮ ಕಾಡಿಗೆ ಕೈಹಾಕುವ ಅಗತ್ಯವೂ ಇರಲಿಲ್ಲ. ಹೊರದೇಶಕ್ಕೆ ಸಾಗಿಸೋಣವೆಂದರೆ ದೊಡ್ಡ ಹಡಗು ನಿಲ್ಲುವ ಬಂದರು ಈ ಕರಾವಳಿಯಲ್ಲಿರಲಿಲ್ಲ.

ಸ್ವಾತಂತ್ರ್ಯಾನಂತರ ಈ ಅಡ್ಡಿಗಳು ಒಂದೊಂದಾಗಿ ಸರಿದುವು. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ 1960ರ ದಶಕದಲ್ಲಿ ಇಲ್ಲಿ ವಿಸ್ತಾರವಾದ ಪರಿಶೋಧನೆ ನಡೆಸಿತು. 1969ರ ಜುಲೈಯಿಂದ ಮೂವತ್ತು ವರ್ಷಗಳ ಗಣಿ ಗುತ್ತಿಗೆ ದೊರೆಯಿತು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಮಹಾಬಂದರೆಂದು ಘೋಷಿತವಾಯಿತು. ಕೊರತೆಯಿದ್ದುದು ಹಣಕ್ಕೆ ಮತ್ತು ಕೊಳ್ಳುವವರಿಗೆ. ಎರಡೂ ಒಟ್ಟಿಗೆ ಒದಗಿದುದು ಇರಾನಿನಿಂದ. ತೈಲದ ಬೆಲೆಯೇರಿ ಸಂಪತ್ತು ತುಂಬಿ ತುಳುಕುತ್ತಿದ್ದ ಷಾ ದೊರೆಯ ಸರ್ಕಾರ ತನ್ನ ದೇಶದಲ್ಲಿ ಉಕ್ಕಿನ ಕಾರ್ಖಾನೆಗಳನ್ನು ಕಟ್ಟಲು ಉದ್ಯುಕ್ತವಾಗಿ, 1975ರ ನವೆಂಬರಿನಲ್ಲಿ ಭಾರತದೊಡನೆ ಒಪ್ಪಂದ ಮಾಡಿಕೊಂಡಿತು: 63 ಕೋಟಿ ಡಾಲರು ಸಾಲ, ಅದಕ್ಕೆ ಪ್ರತಿಯಾಗಿ ಎರಡು ದಶಕಗಳ ಅವಧಿಯಲ್ಲಿ ಒಟ್ಟು 15 ಕೋಟಿ ಟನ್ ಸಾಂದ್ರೀಕೃತ ಅದುರು. ಈ ಕಾರ್ಯಕ್ಕಾಗಿಯೇ 1976ರ ಏಪ್ರಿಲ್ 2ರಂದು ಕುದುರೆಮುಖ ಕಬ್ಬಿಣದ ಅದುರು ಕಂಪನಿ ಸ್ಥಾಪಿತವಾಯಿತು. ನಮ್ಮ ಪಟ್ಟಣಕ್ಕೆ ಜಾತಕ ಬರೆಸಬೇಕಾದರೆ ಬರೆಯಬೇಕಾದ ದಿನ ಇದೇ.

ಪಟ್ಟಣ ಎದ್ದುದು ಆಗಿನ ಮೂಡಿಗೆರೆ ತಾಲ್ಲೂಕಿನ ಮಲ್ಲೇಶ್ವರವೆಂಬ ಗ್ರಾಮದಲ್ಲಿ, ಭದ್ರಾನದಿಯ ದಡದಲ್ಲಿ, ಕಳಸದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ. ಅಲ್ಲಿ ಅದಕ್ಕೆ ಮೊದಲು ಏನೂ ಇರಲಿಲ್ಲವೆಂದು ಕೆಲವರು ಬರೆಯುವುದುಂಟು; ಅದು ಸರಿಯಲ್ಲ. ಮಲ್ಲೇಶ್ವರದಲ್ಲಿ ಒಕ್ಕಲಿದ್ದಿತು, ಗದ್ದೆಯಿದ್ದಿತು, ದೈವ ದೇವರುಗಳಿದ್ದವು, ಮಳೆಗಾಲಕ್ಕೆ ಸೌದೆ ಕೂಡಿಟ್ಟುಕೊಂಡು ಬದುಕುವ ಕುಟುಂಬಗಳಿದ್ದವು. ದೇಶದ ಅಭ್ಯುದಯಕ್ಕೆಂದು ಆ ನೆಲವನ್ನು ಬಿಟ್ಟುಕೊಟ್ಟವರು ಅವರು. ಅವರ ಊರಿನ ಹೆಸರು ನಕ್ಷೆಯಲ್ಲಿ ಹಿಂದೆ ಸರಿದು ಬೆಟ್ಟದ ಹೆಸರೇ ಊರಿನ ಹೆಸರಾಯಿತು. ಕುದುರೆಮುಖದ ಮೊದಲ ಪ್ರಜೆಗಳ ಪಟ್ಟಿಯನ್ನು ಇಂಜಿನಿಯರುಗಳಿಂದ ಆರಂಭಿಸುವುದು ನ್ಯಾಯವಲ್ಲವೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ನಿರ್ಮಾಣದ ಆ ನಾಲ್ಕು ವರ್ಷಗಳು ಮಲೆನಾಡು ಹಿಂದೆಂದೂ ಕಂಡಿರದ ವರ್ಷಗಳು. ಆರೇಳು ಸಾವಿರ ಮಿಲಿಮೀಟರು ಮಳೆ ಸುರಿಯುವ ಪ್ರದೇಶವದು. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರು ಮುಗಿಯುವ ತನಕ ಬಿಡುವುದಿಲ್ಲ. ಅಂಥಲ್ಲಿ ಕಾರ್ಕಳದ ಕಡೆಯಿಂದ ಮಾಳ, ಎಸ್.ಕೆ. ಬಾರ್ಡರಿನ ಮೂಲಕ ಘಟ್ಟದ ರಸ್ತೆಯನ್ನು ಅಗಲ ಮಾಡಿ, ಮನೆಗಾತ್ರದ ಯಂತ್ರಭಾಗಗಳನ್ನು ಹೇರಿದ ಲಾರಿಗಳನ್ನು ಒಂದೊಂದೇ ತಿರುವಿನಲ್ಲಿ ಹತ್ತಿಸಿ, ಗುಡ್ಡದ ತಲೆ ಸವರಿ, ಅದುರು ಬೀಸುವ ಕಾರ್ಖಾನೆಯನ್ನೂ ಅದಕ್ಕೆ ಬೇಕಾದ ಜನರಿಗೆ ಮನೆಗಳನ್ನೂ ಏಕಕಾಲದಲ್ಲಿ ಕಟ್ಟಬೇಕಾಗಿದ್ದಿತು. ಕೆನಡಾ ದೇಶದ ಮೆಟ್‌ಕೆಮ್ ಸಂಸ್ಥೆಯ ತಜ್ಞರು ಸಲಹೆಗಾರರಾಗಿ ಬಂದರು. ಕಳಸದ ಪೇಟೆಯಲ್ಲಿ ಬಿಳಿಯರು ಬಾಳೆಹಣ್ಣು ಕೊಳ್ಳುವುದನ್ನು ಮಕ್ಕಳು ನಿಂತು ನೋಡುತ್ತಿದ್ದ ಕಾಲವದು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನ ಲೋಕಸಭಾ ಉಪಚುನಾವಣೆಗೆ ನಿಂತು ಗೆದ್ದಾಗ ದೇಶದ ಪತ್ರಕರ್ತರೆಲ್ಲ ಈ ಮಲೆಗಳ ಹಾದಿ ಹಿಡಿದರು. ಕಾಫಿಯ ಸೀಮೆಯೆಂದು ತಿಳಿದು ಬಂದವರಿಗೆ ಇಲ್ಲೊಂದು ಕಬ್ಬಿಣದ ಸೀಮೆಯೂ ಸಿದ್ಧವಾಗುತ್ತಿರುವುದು ತಿಳಿಯಿತು.

ಇಷ್ಟರಲ್ಲಿ ಯಾರೂ ಎಣಿಸದಿದ್ದುದು ನಡೆಯಿತು. 1979ರ ಆರಂಭದಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟರು, 25.5 ಕೋಟಿ ಡಾಲರು ಬಂದ ಮೇಲೆ ಸಾಲದ ಹಣ ನಿಂತುಹೋಯಿತು. ಅರ್ಧ ಎದ್ದ ಕಾರ್ಖಾನೆ, ಕೊಳ್ಳುವವನಿಲ್ಲದ ಅದುರು. ಸಾಮಾನ್ಯ ವ್ಯವಹಾರದ ದೃಷ್ಟಿಯಿಂದ ನೋಡಿದರೆ ಕೈಬಿಡತಕ್ಕ ಕೆಲಸವೇ ಸರಿ. ಭಾರತ ಸರ್ಕಾರ ಕೈಬಿಡಲಿಲ್ಲ; ಉಳಿದ ಹಣವನ್ನು ತಾನೇ ಒದಗಿಸಿತು. ನಿಗದಿಯಾದ ಕಾಲಕ್ಕೆ ಸರಿಯಾಗಿ 1980ರಲ್ಲಿ ಕಾರ್ಖಾನೆ ಸಿದ್ಧವಾಯಿತು. ಸರ್ಕಾರಿ ಕೆಲಸಗಳೆಂದರೆ ಕುಂಟುತ್ತ ಸಾಗುವವೆಂಬ ಅಪವಾದ ಬಲವಾಗಿದ್ದ ದಿನಗಳಲ್ಲಿ ಈ ಮಲೆಯ ಮಳೆಯ ನಡುವೆ ಅದನ್ನು ಸುಳ್ಳಾಗಿಸಿದವರು ನಮ್ಮ ಕುದುರೆಮುಖದ ಹಿರಿಯರು. ಆ ಹೆಮ್ಮೆಯನ್ನು ಅವರಿಂದ ಮುಂದಣ ಯಾವ ತೀರ್ಪೂ ಕಸಿಯಲಾರದು.

ಕೆಲಸದ ಕ್ರಮವನ್ನು ಕೊಂಚ ವಿವರಿಸದಿದ್ದರೆ ಊರಿನ ಸ್ವರೂಪ ತಿಳಿಯದು. ಗುಡ್ಡದಿಂದ ಅಗೆದ ಅದುರು ಶಿಥಿಲವಾದ ಮೆತ್ತನೆಯ ಶಿಲೆ. ಅದನ್ನು ನುಗ್ಗುಮಾಡಿ, ದೊಡ್ಡ ದೊಡ್ಡ ಉರುಳೆಗಳಲ್ಲಿ ನೀರಿನೊಡನೆ ಹಿಟ್ಟಿನಂತೆ ಬೀಸಿ, ಮನೆಯ ಹೆಂಗಸರು ಮೊರದಲ್ಲಿ ಅಕ್ಕಿಯನ್ನೂ ತೌಡನ್ನೂ ಕೇರಿ ಬೇರ್ಪಡಿಸುವಂತೆ, ಅಯಸ್ಕಾಂತದ ಬಲದಿಂದಲೂ ಸುರುಳಿ ದೋಣಿಗಳಲ್ಲಿ ಹರಿಯುವ ನೀರಿನ ಬಲದಿಂದಲೂ ಕಬ್ಬಿಣವನ್ನು ಒಂದೆಡೆಗೆ, ಮರಳನ್ನು ಒಂದೆಡೆಗೆ ಮಾಡುತ್ತಿದ್ದರು. ನೂರಕ್ಕೆ ನಲವತ್ತರ ಒಳಗಿದ್ದ ಕಬ್ಬಿಣದ ಅಂಶ ಹೀಗೆ ಅರವತ್ತಾರು ಅರವತ್ತೇಳಕ್ಕೆ ಏರುತ್ತಿದ್ದಿತು. ವರ್ಷಕ್ಕೆ 75 ಲಕ್ಷ ಟನ್ನಿನ ಲೆಕ್ಕದಲ್ಲಿ ಯೋಜಿಸಿದ ಈ ಸಾಂದ್ರ ಅದುರನ್ನು ಸಾಗಿಸಲು ಲಾರಿಯಾಗಲಿ ರೈಲಾಗಲಿ ಬೇಕಾಗಲಿಲ್ಲ. ನೀರು ಬೆರೆತು ಗಂಜಿಯಾದ ಅದುರು 67 ಕಿಲೋಮೀಟರು ಉದ್ದದ ಉಕ್ಕಿನ ಕೊಳವೆಯಲ್ಲಿ ಘಟ್ಟವಿಳಿದು, ಕಾಡನ್ನೂ ಅಡಿಕೆ ತೋಟಗಳನ್ನೂ ಬೈಲುಗದ್ದೆಗಳನ್ನೂ ನೆಲದಡಿಯಿಂದಲೇ ದಾಟಿ ಪಣಂಬೂರನ್ನು ಸೇರುತ್ತಿದ್ದಿತು. ಅಲ್ಲಿ ನೀರನ್ನು ಸೋಸಿ ತೆಗೆದು ಅದುರನ್ನು ಹಡಗಿಗೆ ತುಂಬುತ್ತಿದ್ದರು. ಉಳಿದ ಮರಳುಮಿಶ್ರಿತ ನೀರು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ, ಸುಮಾರು ನೂರು ಮೀಟರು ಎತ್ತರದ ಅಣೆಕಟ್ಟಿನ ಹಿಂದೆ ತಂಗುತ್ತಿದ್ದಿತು. ಕೊಳವೆ ಪಣಂಬೂರಿಗೆ ಸಂಪತ್ತನ್ನು ಒಯ್ದಿತು. ಲಕ್ಯಾ ಕಣಿವೆ ಅದರ ಶೇಷವನ್ನು ಇಂದಿಗೂ ಹೊತ್ತಿದೆ.

ಈಗ ಊರಿನ ಮಾತು. ಜನ ಅದನ್ನು ಕರೆಯುತ್ತಿದ್ದುದು ಟೌನ್‌ಶಿಪ್ ಎಂದು. ಮನೆಗಳನ್ನು ಕ್ವಾರ್ಟರ್ಸ್ ಎಂದು. ಹುದ್ದೆಗೆ ತಕ್ಕ ಅಳತೆಯ ಮನೆ, ಆಸ್ಪತ್ರೆ, ಅಂಚೆ ಕಚೇರಿ, ಬ್ಯಾಂಕು, ಅಂಗಡಿಸಾಲು, ಆಟದ ಬಯಲು, ಗುಡಿ, ಇಗರ್ಜಿ, ಮಸೀದಿ, ಇವೆಲ್ಲ ಭದ್ರೆಯ ಎರಡು ಮಗ್ಗುಲಿನ ದಿಣ್ಣೆಗಳ ಮೇಲೆ ಹರಡಿಕೊಂಡವು. ಕೇಂದ್ರೀಯ ವಿದ್ಯಾಲಯದಲ್ಲಿಯೂ ಗಿರಿಜ್ಯೋತಿ ಶಾಲೆಯಲ್ಲಿಯೂ ಓದಿದ ಮಕ್ಕಳು, ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು, ತರಗತಿಯಲ್ಲಿ ಮತ್ತೊಂದು ಭಾಷೆಯನ್ನು ಆಡುತ್ತ ಬೆಳೆದರು. ಕಳಸ, ಸಂಸೆ, ಬಾಳೆಹೊಳೆಯ ಕಡೆಯ ಮಲೆನಾಡಿಗರು, ಕಾರ್ಕಳ ಬಜಗೋಳಿಯ ತುಳುವರು, ಕೊಂಕಣಿಗರು, ಬ್ಯಾರಿಗಳು, ಬಯಲುಸೀಮೆಯವರು, ತಮಿಳರು, ಮಲಯಾಳಿಗಳು, ತೆಲುಗರು, ಉತ್ತರದವರು ಹೀಗೆ ಯಾರೂ ಮೂಲನಿವಾಸಿಗಳೆಂದು ಎದೆತಟ್ಟಿಕೊಳ್ಳಲಾಗದ ಊರಿನಲ್ಲಿ ಎಲ್ಲರೂ ಹೊಸಬರಾದುದರಿಂದಲೇ ಎಲ್ಲರೂ ನೆಂಟರಾದರು. ಪಕ್ಕದ ಕ್ವಾರ್ಟರ್ಸಿನ ಅಕ್ಕನ ಮನೆಯಿಂದ ಬಂದ ಪತ್ರೊಡೆಯ ತಟ್ಟೆ ಖಾಲಿಯಾಗಿ ಹಿಂದಿರುಗುವುದು ಯಾವ ಮನೆಯಲ್ಲಿಯೂ ಮರ್ಯಾದೆಯಾಗಿರಲಿಲ್ಲ. ಪುಟ್ಟು ಹೋಗುತ್ತಿದ್ದಿತು, ಇಲ್ಲವೆ ಪೊಂಗಲು, ಇಲ್ಲವೆ ಹಲಸಿನ ಹಪ್ಪಳ.

ಜುಲೈ ತಿಂಗಳ ಒಂದು ಬೆಳಗನ್ನು ನೆನೆಯಿರಿ. ಆರು ಗಂಟೆಯಾದರೂ ಬೆಳಕು ಹರಿದಿಲ್ಲ. ಮಂಜು ಕಿಟಕಿಯ ಗಾಜಿನವರೆಗೆ ಬಂದು ನಿಂತಿದೆ. ಒಳಗೆ ಹಗ್ಗದ ಮೇಲೆ ಮೂರು ದಿನದ ಹಿಂದೆ ಒಗೆದ ಬಟ್ಟೆ ಇನ್ನೂ ತಣ್ಣಗಿದೆ. ಶಾಲೆಯ ಅಂಗಿಯೊಂದನ್ನು ತಾಯಿ ಇಸ್ತ್ರಿಪೆಟ್ಟಿಗೆಯಿಂದಲೇ ಒಣಗಿಸುತ್ತಿದ್ದಾಳೆ. ಬೀರುವಿನೊಳಗೆ ಬೂಷ್ಟು ಹಿಡಿಯದಂತೆ ವಿದ್ಯುದ್ದೀಪವೊಂದು ಹಗಲಿರುಳೂ ಉರಿಯುತ್ತಿದೆ. ರಸ್ತೆಯ ತಿರುವಿನಲ್ಲಿ ಶಿಫ್ಟ್ ಬಸ್ಸಿನ ದೀಪ ಹಳದಿಯಾಗಿ ಕಾಣಿಸಿಕೊಳ್ಳುತ್ತದೆ. ಗಂಬೂಟು ತೊಟ್ಟು, ಮಳೆಕೋಟಿನ ಗುಂಡಿ ಹಾಕಿಕೊಳ್ಳುತ್ತ, ಬುತ್ತಿಯ ಡಬ್ಬಿ ಹಿಡಿದ ಗಂಡಸರು ಅದನ್ನು ಹತ್ತುತ್ತಾರೆ; ರಾತ್ರಿಯ ಪಾಳಿ ಮುಗಿಸಿದವರು ಅದೇ ಬಸ್ಸಿನಲ್ಲಿ ಹಿಂದಿರುಗುತ್ತಾರೆ. ಹೀಗೆ ಹಗಲಿರುಳಿನ ಮೂರು ಪಾಳಿಗಳ ಸಂಚಾರವೇ ಊರಿನ ಗಡಿಯಾರ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಎಂಬ ನಿತ್ಯಯಾತ್ರೆ ಎಷ್ಟರಮಟ್ಟಿಗೆ ಜೀವನಕ್ರಮವನ್ನು ಆಳಿತೆಂದರೆ, ಅಡುಗೆಯ ಹೊತ್ತು, ಮಕ್ಕಳ ಆಟದ ಹೊತ್ತು, ಯಕ್ಷಗಾನದ ಮೇಳ ಬಂದರೆ ನಿದ್ದೆಗೆಡುವವರ ಸಂಖ್ಯೆ, ಎಲ್ಲವೂ ಪಾಳಿಯ ಮೇಲೆಯೇ ನಿರ್ಧಾರವಾಗುತ್ತಿದ್ದುವು.

ಇಂಥ ನಿತ್ಯಯಾತ್ರೆಯ ಪಟ್ಟಣಗಳ ಮಾತೃಭೂಮಿ ಇಂಗ್ಲೆಂಡು. 1838ರಲ್ಲಿ ಲಂಡನ್ನಿನಿಂದ ಹೊರಟ ರೈಲು ದಾರಿ ವೋಕಿಂಗ್ ಎಂಬಲ್ಲಿನ ಬರಡು ಬಯಲಿನಲ್ಲಿ ನಿಲ್ದಾಣ ಹಾಕಿದಾಗ ಅಲ್ಲಿ ಪಟ್ಟಣವಿರಲಿಲ್ಲ. ನಿಲ್ದಾಣದ ಸುತ್ತಲೇ ಅದು ಬೆಳೆಯಿತು, ಬೆಳಿಗ್ಗೆ ಲಂಡನ್ನಿಗೆ ಹೋಗಿ ಸಂಜೆ ಹಿಂದಿರುಗುವವರ ಊರಾಯಿತು. ಲಂಡನ್ನಿನಂಥ ನಗರಗಳ ಹೊಗೆ, ಇಕ್ಕಟ್ಟುಗಳಿಂದ ನೊಂದ ಎಬೆನೆಜರ್ ಹೊವಾರ್ಡ್ 1898ರಲ್ಲಿ ಉದ್ಯಾನನಗರದ ಕಲ್ಪನೆಯನ್ನು ಮುಂದಿಟ್ಟರು: ಕೆಲಸವೂ ಮನೆಯೂ ಹಸುರೂ ಒಂದೆಡೆ ಕೂಡಿರತಕ್ಕ ಮಿತವಾದ ಊರು. 1903ರಲ್ಲಿ ಲೆಚ್‌ವರ್ತ್, 1920ರಲ್ಲಿ ವೆಲ್ವಿನ್ ಆ ಕಲ್ಪನೆಯಿಂದ ಹುಟ್ಟಿದವು. ಸ್ವತಂತ್ರ ಭಾರತ ಕಟ್ಟಿದ ಕಾರ್ಖಾನೆಯ ಪಟ್ಟಣಗಳಲ್ಲಿ, ಅಗಲವಾದ ರಸ್ತೆ, ಬಿಡಿಬಿಡಿಯಾದ ಮನೆ, ನಡುವೆ ಹಸುರು ಎಂಬ ಆ ವಿನ್ಯಾಸದ ಛಾಯೆ ಇದೆ. ಕುದುರೆಮುಖದಲ್ಲಿಯೂ ಇದೆ, ಹಸುರಿನ ವಿಚಾರದಲ್ಲಿಯಂತೂ ಹೊವಾರ್ಡರು ಕನಸಿನಲ್ಲಿಯೂ ಕಾಣದಷ್ಟು ಇದ್ದಿತು.

ಆದರೆ ವೋಕಿಂಗಿನಂಥ ಊರಿಗೂ ಕುದುರೆಮುಖಕ್ಕೂ ನಡುವೆ ಒಂದು ಮುಖ್ಯವಾದ ಭೇದವನ್ನು ಗಮನಿಸದಿದ್ದರೆ ನಮ್ಮ ಪಟ್ಟಣದ ಗತಿ ಅರ್ಥವಾಗದು. ವೋಕಿಂಗಿನ ನಿವಾಸಿ ತನ್ನ ಮನೆಗೆ ತಾನೇ ಒಡೆಯ. ಲಂಡನ್ನಿನಲ್ಲಿ ಒಂದು ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಂಡು ಅದೇ ರೈಲಿನಲ್ಲಿ ಹೋಗಿ ಬರಬಲ್ಲ. ಕುದುರೆಮುಖದಲ್ಲಿ ಕೆಲಸ ಕೊಡುವ ಕೈ ಒಂದೇ, ಮನೆ ಕೊಡುವ ಕೈಯೂ ಅದೇ. ಕ್ವಾರ್ಟರ್ಸ್ ಹುದ್ದೆಯೊಡನೆ ಬಂದು ಹುದ್ದೆಯೊಡನೆ ಹೋಗತಕ್ಕದ್ದು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು, ಅಂಗಳದಲ್ಲಿ ಹಲಸು ನೆಟ್ಟು ಹಣ್ಣು ತಿಂದವನಿಗೂ ಅಲ್ಲಿ ಅಂಗೈಯಗಲ ಸ್ವಂತ ನೆಲವಿರಲಿಲ್ಲ. ಊರಿನ ಚೆಲುವೆಲ್ಲ ಕಣ್ಣಿಗೆ ಕಾಣುತ್ತಿದ್ದ ದಿನಗಳಲ್ಲಿ ಈ ದುರ್ಬಲತೆ ಯಾರ ಕಣ್ಣಿಗೂ ಬೀಳಲಿಲ್ಲ. ಬೀಳಬೇಕಾದ ಕಾರಣವೂ ಕಾಣುತ್ತಿರಲಿಲ್ಲ.

1987 ಈ ಚರಿತ್ರೆಯ ಸಂಧಿವರ್ಷ. ಇರಾನು ಕೈಬಿಟ್ಟ ಮೇಲೆ ಹೊಸ ಕೊಳ್ಳುವವರನ್ನು ದೇಶದೇಶಗಳಲ್ಲಿ ಅರಸಿದ ಕಂಪನಿ, ನುಣ್ಣನೆಯ ಪುಡಿಗಿಂತ ಉಂಡೆಗೆ ಬೇಡಿಕೆ ಹೆಚ್ಚೆಂದು ಕಂಡು, ವರ್ಷಕ್ಕೆ 30 ಲಕ್ಷ ಟನ್ ಉಂಡೆ ಕಟ್ಟುವ ಕಾರ್ಖಾನೆಯನ್ನು ಮಂಗಳೂರಿನಲ್ಲಿ ಆರಂಭಿಸಿದುದು ಆ ವರ್ಷ. ಅದೇ ವರ್ಷ ಸರ್ಕಾರ ಸುಮಾರು 600 ಚದರ ಕಿಲೋಮೀಟರು ಕಾಡನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಇಚ್ಛೆಯನ್ನು ಅಧಿಸೂಚನೆಯಿಂದ ಪ್ರಕಟಿಸಿತು. 1983–84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ನಡೆಸಿದ ಸಮೀಕ್ಷೆಯಿಂದ, ಪಶ್ಚಿಮಘಟ್ಟದಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಸಿಂಗಳೀಕಗಳು ಈ ಕಾಡಿನಲ್ಲಿ ಗಣನೀಯ ಸಂಖ್ಯೆಯಲ್ಲಿವೆಯೆಂಬುದು ಸ್ಥಿರಪಟ್ಟಿದ್ದಿತು. ಒಂದೇ ನೆಲ, ಒಂದೇ ಹೆಸರು, ಒಂದೇ ವರ್ಷ: ಒಂದು ಸಂಕಲ್ಪ ಗುಡ್ಡವನ್ನು ಅಗೆಯುವುದಕ್ಕೆ, ಇನ್ನೊಂದು ಮುಟ್ಟದೆ ಕಾಯುವುದಕ್ಕೆ. ಮೂವತ್ತು ವರ್ಷಗಳ ಗುತ್ತಿಗೆ 1999ರ ಜುಲೈಯಲ್ಲಿ ಮುಗಿಯುವ ತನಕ ಇವೆರಡೂ ಒಂದನ್ನೊಂದು ನೋಡದಂತೆ ಅಕ್ಕಪಕ್ಕದಲ್ಲಿ ನಡೆದವು.

ಗುತ್ತಿಗೆ ಮುಗಿದಾಗ ಪ್ರಶ್ನೆ ಎದುರಾಯಿತು. ಇದೇ ಪರ್ವತಶ್ರೇಣಿಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಎರಡು ಮೂಡಲಿಗೆ ಹರಿದು ಕೂಡಲಿಯಲ್ಲಿ ಸಂಗಮಿಸಿ ಬಯಲುಸೀಮೆಗೆ ಅನ್ನ ಕೊಡುತ್ತವೆ, ಒಂದು ಪಡುವಲಿಗೆ ಇಳಿದು ಮಂಗಳೂರಿಗೆ ನೀರು ಕೊಡುತ್ತದೆ. ಅಗೆದ ಗುಡ್ಡದ ಕೆಮ್ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯುವುದನ್ನು ಕಳಸದ ಸೇತುವೆಯ ಮೇಲೆ ನಿಂತವರು ವರ್ಷವರ್ಷವೂ ಕಂಡಿದ್ದರು. ಆ ಹೂಳಿನ ಚಿಂತೆ ಲಕ್ಕವಳ್ಳಿಯ ಜಲಾಶಯದ ಕೆಳಗಣ ರೈತರಿಗೂ ತಟ್ಟಿತು. ಶಿವಮೊಗ್ಗ, ಚಿಕ್ಕಮಗಳೂರು, ಕರಾವಳಿಗಳಲ್ಲಿ ನದಿಗಳ ಪರವಾಗಿ ಜನ ದನಿಯೆತ್ತಿದರು. ನಾಗರಹೊಳೆಯ ಕಾಡನ್ನು ಕಾದು ಹೆಸರಾದ ಕೆ.ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು: 2005ರ ಅಂತ್ಯದ ನಂತರ ಗಣಿಗಾರಿಕೆ ಕೂಡದು.

ಈ ತೀರ್ಪಿನ ಬಗ್ಗೆ ನಮ್ಮಲ್ಲಿ ಇಂದಿಗೂ ಎರಡು ಮನಸ್ಸುಗಳಿವೆ. ಸ್ಮರಣ ಸಂಚಿಕೆಯೆಂಬ ಕಾರಣಕ್ಕೆ ಅದನ್ನು ಮುಚ್ಚಿಡುವುದು ಸಲ್ಲ. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವೆನು. ತೀರ್ಪು ಸರಿಯಾದುದು. ಮೂರು ನದಿಗಳ ತಲೆಯ ಮೇಲಿನ ಶೋಲಾ ಕಾಡನ್ನು ಮನುಷ್ಯ ಮತ್ತೆ ನೆಟ್ಟು ಬೆಳೆಸಲಾರ. ಕಬ್ಬಿಣ ಬೇರೆಡೆ ಸಿಕ್ಕೀತು. ಹಾಗೆಂದ ಮಾತ್ರಕ್ಕೆ ಅಲ್ಲಿ ದುಡಿದವರು ಕಾಡಿನ ವೈರಿಗಳೆಂಬಂತೆ ಆಗ ಕೆಲವರು ಆಡಿದ ಮಾತು ಅನ್ಯಾಯದ್ದು. ದೇಶ ಕರೆದುದರಿಂದ ಅವರು ಬಂದರು, ದೇಶ ತೋರಿಸಿದ ಗುಡ್ಡವನ್ನು ಅಗೆದರು, ದೇಶ ನಿಲ್ಲಿಸೆಂದಾಗ ನಿಲ್ಲಿಸಿದರು. ಇನ್ನು ಉದ್ಯಾನದ ಗಡಿಯೊಳಗೆ ತಲೆತಲಾಂತರದಿಂದ ಬಾಳಿದ ಮಲೆಕುಡಿಯರೂ ಗಿರಿಯ ಒಕ್ಕಲುಗಳೂ, ಗಣಿ ಹೋದರೂ ತಮ್ಮನ್ನು ಎಬ್ಬಿಸುವ ಭಯ ಹೋಗದೆ ದಿನ ಕಳೆದರು. ಅವರ ದುಗುಡವನ್ನು ಗಣಿಯ ಪರ ವಿರೋಧದ ಕೋಲಾಹಲದಲ್ಲಿ ಕೇಳಿದವರು ಕಡಮೆ.

2005ರ ಡಿಸೆಂಬರ್ 31ರಂದು ಗಣಿ ನಿಂತಿತು. ಅನಂತರದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಊರು ಖಾಲಿಯಾಗುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಕೆಲವರಿಗೆ ಮಂಗಳೂರಿಗೆ ವರ್ಗವಾಯಿತು, ಕೆಲವರಿಗೆ ಬೆಂಗಳೂರಿಗೆ. ಅನೇಕರು ಸ್ವಯಂನಿವೃತ್ತಿ ಪಡೆದು ತಮ್ಮ ತಮ್ಮ ಹುಟ್ಟೂರಿನ ಹಾದಿ ಹಿಡಿದರು. ಶಾಲೆಯಲ್ಲಿ ತರಗತಿಗಳು ಕುಗ್ಗಿದವು, ಅಂಗಡಿಗಳು ಒಂದೊಂದಾಗಿ ಹಲಗೆ ಹಾಕಿಕೊಂಡವು, ಬೀಗ ಬಿದ್ದ ಕ್ವಾರ್ಟರ್ಸಿನ ಹೆಂಚಿನ ಸಂದಿನಲ್ಲಿ ಮೊದಲ ಮಳೆಗಾಲದಲ್ಲಿಯೇ ಹುಲ್ಲು ಚಿಗುರಿತು. ಪಟ್ಟಣದೊಡನೆ ಕಳಸ, ಸಂಸೆಗಳ ವ್ಯಾಪಾರವೂ ಬಡವಾಯಿತು: ಹಾಲು, ತರಕಾರಿ, ಕೋಳಿ ಒದಗಿಸುತ್ತಿದ್ದ ಹಳ್ಳಿಗಳಿಗೆ, ಗುತ್ತಿಗೆ ಕೆಲಸಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಕೂಲಿಗಳಿಗೆ ಯಾವ ಪರಿಹಾರದ ಪಟ್ಟಿಯಲ್ಲಿಯೂ ಹೆಸರಿರಲಿಲ್ಲ. ಕಂಪನಿ ಬೇರೆಡೆಯ ಗಣಿಗಳಿಂದ ಅದುರನ್ನು ಕೊಂಡು ಮಂಗಳೂರಿನ ಉಂಡೆ ಕಾರ್ಖಾನೆಯನ್ನು ನಡೆಸಿತು. ಸಂಸ್ಥೆ ಬದುಕಿತು, ಅದಕ್ಕೆ ಹೆಸರು ಕೊಟ್ಟ ಊರು ಹಿಂದೆ ಉಳಿಯಿತು.

ಇಲ್ಲಿ ಕೋಲಾರದ ಚಿನ್ನದ ಗಣಿಯ ಪಟ್ಟಣವನ್ನು ನೆನೆಯದೆ ಇರಲಾಗದು. ಅಲ್ಲಿನ ಗಣಿ 2001ರ ಫೆಬ್ರುವರಿ 28ರಂದು, ಅಂದರೆ ನಮ್ಮದಕ್ಕಿಂತ ಐದು ವರ್ಷ ಮೊದಲು, ಮುಚ್ಚಿತು. ಅಲ್ಲಿಯೂ ಕಣ್ಣೀರು ಹರಿಯಿತು. ಆದರೆ ಆ ಊರು ಖಾಲಿಯಾಗಲಿಲ್ಲ. ಗಣಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹಾಕಿದ ರೈಲು ಕವಲು ಬಂಗಾರಪೇಟೆಯನ್ನು ಕೂಡಿಕೊಂಡಿದ್ದುದರಿಂದ, ಗಣಿ ಕಾರ್ಮಿಕರ ಮಕ್ಕಳು ನಸುಕಿನಲ್ಲಿ ಎದ್ದು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಅದೇ ರೈಲಿನಲ್ಲಿ ಮನೆಗೆ ಬರತೊಡಗಿದರು. ಗಣಿಯ ಊರು ವೋಕಿಂಗಿನ ಜಾತಿಗೆ ಸೇರಿ, ಕಷ್ಟದಿಂದಲಾದರೂ ಉಸಿರು ಹಿಡಿದುಕೊಂಡಿತು. ಕುದುರೆಮುಖಕ್ಕೆ ಆ ದಾರಿಯೂ ಇರಲಿಲ್ಲ. ಅದುರಿಗೆ ಕೊಳವೆ ಸಾಕಾಗಿದ್ದುದರಿಂದ ಮನುಷ್ಯರಿಗೆ ರೈಲು ಬರಲಿಲ್ಲ, ಮಂಗಳೂರು ಘಟ್ಟದ ರಸ್ತೆಯಲ್ಲಿ ನೂರು ಕಿಲೋಮೀಟರಿನ ಆಸುಪಾಸು, ಸುತ್ತಲೂ ರಾಷ್ಟ್ರೀಯ ಉದ್ಯಾನ, ಮನೆಗಳು ಕಂಪನಿಯವು. ಒಂದು ಊರು ತನ್ನ ಮೊದಲ ಕಸುಬನ್ನು ಕಳೆದುಕೊಂಡ ಮೇಲೆಯೂ ಬದುಕಲು ಬೇಕಾದ ಸಾಧನಗಳಲ್ಲಿ ಒಂದಾದರೂ ಅದಕ್ಕೆ ದೊರೆತಿರಲಿಲ್ಲ.

ಇಂದು ಕಳಸ ತಾನೇ ತಾಲ್ಲೂಕಾಗಿದೆ. ಕಾರ್ಕಳ ಕಳಸಗಳ ನಡುವಣ ಬಸ್ಸುಗಳು ಈಗಲೂ ಟೌನ್‌ಶಿಪ್ಪಿನ ಮೂಲಕ ಹಾದುಹೋಗುತ್ತವೆ. ಬೆಟ್ಟ ಹತ್ತಬಯಸುವ ಯುವಕರು ಅರಣ್ಯ ಇಲಾಖೆಯ ಅನುಮತಿ ಪಡೆದು ಬರುತ್ತಾರೆ. ಪಟ್ಟಣವನ್ನು ಪ್ರವಾಸಿಗಳ ತಂಗುದಾಣ ಮಾಡಬೇಕೆಂಬ ಸಲಹೆಗಳು ಆಗಾಗ ಕೇಳಿಬರುತ್ತವೆ. ಅವುಗಳ ಯುಕ್ತಾಯುಕ್ತತೆ ಬೇರೊಂದು ಲೇಖನದ ವಿಷಯ.

ನಮ್ಮ ಕೈಯಲ್ಲಿ ಉಳಿದಿರುವ ಕೆಲಸ ಒಂದುಂಟು. ಎಷ್ಟು ಟನ್ ಅದುರು ಯಾವ ಹಡಗಿನಲ್ಲಿ ಹೋಯಿತೆಂಬುದು ಕಂಪನಿಯ ವಾರ್ಷಿಕ ವರದಿಗಳಲ್ಲಿದೆ. ಗಣಿ ಏಕೆ ನಿಂತಿತೆಂಬುದು ನ್ಯಾಯಾಲಯದ ತೀರ್ಪಿನಲ್ಲಿದೆ. ಶಾಲೆಯ ವಾರ್ಷಿಕೋತ್ಸವದ ಚಿತ್ರಗಳು, ಕ್ವಾರ್ಟರ್ಸ್ ಹಂಚಿಕೆಯ ಪತ್ರಗಳು, ಗಣೇಶೋತ್ಸವದ ಕರೆಯೋಲೆಗಳು, ಪಾಳಿಯ ಪಟ್ಟಿಗಳು ಮಾತ್ರ ಯಾರ ಯಾರ ಅಟ್ಟದ ಮೇಲಿನ ಟ್ರಂಕುಗಳಲ್ಲಿ ಇವೆ. ಅವನ್ನು ಇಟ್ಟುಕೊಂಡಿರುವವರು ಈ ಸಂಚಿಕೆಯ ಸಂಪಾದಕರಿಗಾಗಲಿ ಹತ್ತಿರದ ಗ್ರಂಥಾಲಯಕ್ಕಾಗಲಿ ಪ್ರತಿಗಳನ್ನು ಒಪ್ಪಿಸಬೇಕೆಂದು ವಿನಂತಿಸುತ್ತೇನೆ. ಅದಕ್ಕಿಂತ ಅವಸರದ ಕೆಲಸ ಮಲ್ಲೇಶ್ವರದ ಹಳೆಯ ಒಕ್ಕಲುಗಳದು. 1976ಕ್ಕೆ ಮೊದಲು ಆ ಬಯಲಿನಲ್ಲಿ ಯಾರ ಗದ್ದೆ ಎಲ್ಲಿದ್ದಿತು, ಯಾವ ಕಟ್ಟೆಯ ಕೆಳಗೆ ಯಾವ ದೈವಕ್ಕೆ ಕೋಲ ನಡೆಯುತ್ತಿದ್ದಿತು, ಮನೆ ಬಿಟ್ಟವರು ಯಾವ ದಾರಿಯಲ್ಲಿ ಯಾವ ಊರನ್ನು ಸೇರಿದರು ಎಂಬುದನ್ನು ಹೇಳಬಲ್ಲ ಅಜ್ಜಂದಿರೂ ಅಜ್ಜಿಯಂದಿರೂ ಕಳಸ, ಸಂಸೆಗಳ ಸುತ್ತಿನಲ್ಲಿ ಇನ್ನೂ ಇದ್ದಾರೆ. ಬರುವ ಮಳೆಗಾಲಕ್ಕೆ ಮೊದಲೇ ಅವರ ಜಗಲಿಯಲ್ಲಿ ಕುಳಿತು, ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳತಕ್ಕದ್ದು.